ಖಾಲಿ ಟಾಕಿಯ ಪಾಠ

ಮೋಟಾರು ಗಾಡಿಯನ್ನು ನಡೆಸುವವನ ಕಣ್ಣೆದುರಿಗೆ ಒಂದು ಚಿಕ್ಕ ಮುಳ್ಳು ಇರುವುದನ್ನು ನೀವೆಲ್ಲರೂ ನೋಡಿರುವಿರಿ. ಟಾಕಿಯಲ್ಲಿ ಪೆಟ್ರೋಲ್ ತುಂಬಿದ್ದರೆ ಅದು ಒಂದು ತುದಿಗೆ ಹೋಗಿ ನಿಲ್ಲುತ್ತದೆ; ತೀರುತ್ತ ಬಂದಂತೆ ಇನ್ನೊಂದು ತುದಿಯ ಕಡೆಗೆ ಸರಿಯುತ್ತದೆ. ಗಾಡಿಯ ಹಿಂಭಾಗದಲ್ಲಿ, ಕಬ್ಬಿಣದ ಟಾಕಿಯೊಳಗೆ, ಯಾರ ಕಣ್ಣಿಗೂ ಕಾಣದಂತೆ ಇರುವ ಪೆಟ್ರೋಲಿನ ಮಟ್ಟವು ಮುಂದೆ ಕುಳಿತಿರುವ ಈ ಮುಳ್ಳಿಗೆ ತಿಳಿಯುವುದು ಹೇಗೆ? ಅದು ಹೇಳುವುದೆಲ್ಲವೂ ನಿಜವೇ? ಟಾಕಿಯು ಹಾಳಾದರೆ ಅದನ್ನು ಬದಲಾಯಿಸುವ ಕ್ರಮವೇನು? ಕಳೆದ ವರ್ಷ ಒಂದು ಹಳೆಯ ಕಾರಿನ ನಿಮಿತ್ತವಾಗಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಸಂಗ ನಮಗೆ ಒದಗಿತು. ಅದರಲ್ಲಿ ಕಲಿತದ್ದನ್ನು, ಅದರಲ್ಲಿಯೂ ಒಂದು ಪ್ರಾಣಾಪಾಯದ ಸಂಗತಿಯನ್ನು, ನಿಮ್ಮ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪಿಂಪ್ರಿ-ಚಿಂಚವಾಡದ ಮಕ್ಕಳಿಗೆ ಮೋಟಾರು ಗಾಡಿಯ ವಿಷಯ ಹೊರಗಿನದಲ್ಲ. 1966ರಲ್ಲಿ ಇಲ್ಲಿ ನೆಲೆಯೂರಿದ ಟಾಟಾ ಕಾರ್ಖಾನೆ, ಆಕುರ್ಡಿಯ ಬಜಾಜ್ ಮುಂತಾದ ಹೆಸರುಗಳನ್ನು ಕೇಳುತ್ತಲೇ ಬೆಳೆದವರು ನೀವು. ವಿಜಯಪುರ, ಕಲಬುರಗಿ, ಬಾಗಲಕೋಟೆಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ಎಷ್ಟೋ ಕನ್ನಡ ಮನೆತನಗಳು ಈ ಊರಿನ ಕಾರ್ಖಾನೆಗಳನ್ನೂ ಗ್ಯಾರೇಜುಗಳನ್ನೂ ನಂಬಿ ಬಾಳುತ್ತಿವೆ. ನಮ್ಮ ಕಥೆಯ ಕಾರಿನ ಒಡೆಯರೂ ಅಂಥವರಲ್ಲಿ ಒಬ್ಬರು. ಅವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಓಣಿಯ ಮಕ್ಕಳೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಕಾಕಾ ಅವರಲ್ಲಿ ಇರುವುದು ಪ್ರೀಮಿಯರ್ ಪದ್ಮಿನಿ ಎಂಬ ಕಾರು. ಈ ಕಾರಿನ ಹಿಂದೆ ನಾವು ಕನ್ನಡಿಗರು ನೆನೆಯಬೇಕಾದ ಒಂದು ಇತಿಹಾಸವುಂಟು. ಭಾರತದಲ್ಲಿಯೇ ಮೋಟಾರು ಗಾಡಿಗಳನ್ನು ತಯಾರಿಸಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ಯೋಜನೆಯನ್ನು ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಆ ವಿಚಾರದಲ್ಲಿ ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಇಟಲಿಯ ಫಿಯೆಟ್ ಕಂಪನಿಯ ಸಹಕಾರದಿಂದ ಮುಂಬಯಿಯ ಕುರ್ಲಾದಲ್ಲಿ 1964ರಿಂದ ತಯಾರಾಗತೊಡಗಿದ ಫಿಯೆಟ್ 1100 ಡಿಲೈಟ್ ಕಾರೇ ಮುಂದೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. 1089 ಘನ ಸೆಂಟಿಮೀಟರಿನ ಪುಟ್ಟ ಎಂಜಿನ್ನಿನ ಈ ಗಾಡಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮನೆಮಾತಾಯಿತು. ಅಲ್ಲಿ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ವಿಧಿಸಿದ 20 ವರ್ಷಗಳ ಅವಧಿ ಮುಗಿದು, 2023ರ ಅಕ್ಟೋಬರ್ ಕೊನೆಯಲ್ಲಿ ಪದ್ಮಿನಿಯು ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾಯಿತು. ಆದರೆ ಮನೆಗಳಲ್ಲಿ ಅಕ್ಕರೆಯಿಂದ ಕಾಪಾಡಿಕೊಂಡ ಪದ್ಮಿನಿಗಳು ಇನ್ನೂ ಅಲ್ಲಲ್ಲಿ ಓಡಾಡುತ್ತಿವೆ.

ಇನ್ನು ವಿಷಯಕ್ಕೆ ಬರೋಣ. ಕಾಕಾ ಅವರು ಜಾತ್ರೆಗೆಂದು ಮನೆಮಂದಿಯೊಡನೆ ವಿಜಯಪುರದ ಕಡೆಗೆ ಹೊರಟಿದ್ದರು. ಸೋಲಾಪುರದ ಹೆದ್ದಾರಿಯಲ್ಲಿ ಇಂದಾಪುರವನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಮುಗ್ಗರಿಸಿ ನಿಂತಿತು. ಮುಳ್ಳು ಮಾತ್ರ ಟಾಕಿಯು ಅರ್ಧ ತುಂಬಿದೆಯೆಂದು ತೋರಿಸುತ್ತಿತ್ತು. ಎಂಜಿನ್ನಿನ ದೋಷವಿರಬೇಕೆಂದು ಎರಡು ತಾಸು ಹುಡುಕಿದರೂ ಏನೂ ತಿಳಿಯಲಿಲ್ಲ. ಕೊನೆಗೆ ದಾರಿಹೋಕ ಲಾರಿಯ ಚಾಲಕನೊಬ್ಬನು ಟಾಕಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿ, ಅದು ಬರಿದಾಗಿದೆಯೆಂದು ಹೇಳಿದನು. ಮುಳ್ಳನ್ನು ನಂಬಿದವರು ನಡುದಾರಿಯಲ್ಲಿ ನಿಂತಿದ್ದರು.

ಮುಳ್ಳು ಹೀಗೇಕೆ ಸುಳ್ಳು ಹೇಳಿತು? ನಿಜವಾಗಿ ನೋಡಿದರೆ ಮುಳ್ಳಿಗೆ ಪೆಟ್ರೋಲಿನ ಸುದ್ದಿಯೇ ಗೊತ್ತಿಲ್ಲ. ಟಾಕಿಯ ಒಳಗೆ ಒಂದು ಹಗುರವಾದ ತೇಲುಬುರುಡೆ ಇರುತ್ತದೆ. ಪೆಟ್ರೋಲ್ ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಬುರುಡೆಯು ಒಂದು ತೆಳ್ಳನೆಯ ಕಡ್ಡಿಯ ತುದಿಗೆ ಕೂಡಿರುತ್ತದೆ. ಕಡ್ಡಿಯು ತಿರುಗಿದಾಗ ಅದರ ಇನ್ನೊಂದು ತುದಿಯಲ್ಲಿರುವ ಲೋಹದ ನಾಲಗೆಯು ನಿರೋಧಕ ತಂತಿಯ ಸುರುಳಿಯ ಮೇಲೆ ಜಾರುತ್ತದೆ. ನಾಲಗೆಯು ಸರಿದಂತೆ ವಿದ್ಯುತ್ತು ಹಾದುಹೋಗಬೇಕಾದ ತಂತಿಯ ಉದ್ದವು ಹೆಚ್ಚು ಕಡಿಮೆಯಾಗುತ್ತದೆ. ಅದರಂತೆ ವಿದ್ಯುತ್ ಪ್ರವಾಹವೂ ಕಡಿಮೆ ಹೆಚ್ಚಾಗುತ್ತದೆ. ಈ ಇಡೀ ಸಲಕರಣೆಯನ್ನು ಅಂಗಡಿಯವರು ‘ಟ್ಯಾಂಕ್ ಯೂನಿಟ್’ ಎನ್ನುತ್ತಾರೆ. ಅಲ್ಲಿಂದ ಹೊರಟ ಒಂದೇ ಒಂದು ತಂತಿಯು ಮುಂದಿನ ಗೇಜಿಗೆ ಬಂದು ಸೇರುತ್ತದೆ. ಗೇಜಿನ ಒಳಗಿನ ಸುರುಳಿಯ ಕಾಂತಶಕ್ತಿಯಿಂದಲೋ, ಬಿಸಿಯಾದರೆ ಬಾಗುವ ಎರಡು ಲೋಹಗಳ ಪಟ್ಟಿಯಿಂದಲೋ ಮುಳ್ಳು ಅಲುಗುತ್ತದೆ. ಅಂದರೆ ಮುಳ್ಳು ನೋಡುವುದು ವಿದ್ಯುತ್ತನ್ನು. ವಿದ್ಯುತ್ತು ನೋಡುವುದು ಕಡ್ಡಿಯನ್ನು. ಪೆಟ್ರೋಲನ್ನು ಮುಟ್ಟಿ ನೋಡುವುದು ಬುರುಡೆಯೊಂದೇ. ಕಿವಿಯಿಂದ ಕಿವಿಗೆ ಹೋಗುವ ಸುದ್ದಿಯಂತೆ, ನಡುವೆ ಒಬ್ಬನು ತಪ್ಪಿದರೂ ಕೊನೆಯವನ ಮಾತು ಸುಳ್ಳಾಗುತ್ತದೆ.

ವಿದ್ಯುತ್ತು ಹೋಗಲು ತಂತಿಯೊಂದಿದ್ದರೆ ಮರಳಿ ಬರಲು ಇನ್ನೊಂದು ಬೇಡವೇ ಎಂದು ನೀವು ಕೇಳಬಹುದು. ಮೋಟಾರು ಗಾಡಿಯಲ್ಲಿ ಆ ಎರಡನೆಯ ತಂತಿಯ ಕೆಲಸವನ್ನು ಗಾಡಿಯ ಕಬ್ಬಿಣದ ಮೈಯೇ ಮಾಡುತ್ತದೆ. ಇದನ್ನು ಅರ್ಥಿಂಗ್ ಎನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದು ಉಪಯೋಗಕ್ಕೆ ಬರುವುದು.

ದೋಷವು ಎಲ್ಲಿದೆಯೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಟ್ಯಾಂಕ್ ಯೂನಿಟ್ಟಿನ ತಂತಿಯನ್ನು ಬಿಚ್ಚಿ, ಏನನ್ನೂ ತಾಗದಂತೆ ಹಿಡಿದು ಗಾಡಿಯ ಕೀಲಿಯನ್ನು ತಿರುಗಿಸಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಕೀಲಿಯನ್ನು ಆರಿಸಿ, ಅದೇ ತಂತಿಯನ್ನು ಗಾಡಿಯ ಮೈಗೆ ಕೂಡಿಸಿ, ಮತ್ತೆ ಕ್ಷಣಕಾಲ ಕೀಲಿ ತಿರುಗಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಕೀಲಿಯನ್ನು ಆರಿಸಿದ ಮೇಲೆಯೇ ತಂತಿಯನ್ನು ಮುಟ್ಟಿಸಬೇಕೆಂಬುದು ಕಿಡಿ ಹಾರದಿರಲೆಂದು. ಕಾಕಾ ಅವರ ಕಾರಿನಲ್ಲಿ ಮುಳ್ಳು ಎರಡು ತುದಿಗಳಿಗೂ ಹೋಯಿತು. ಗೇಜೂ ತಂತಿಯೂ ನಿರ್ದೋಷಿಗಳು. ಅಪರಾಧಿ ಟಾಕಿಯೊಳಗೆ ಅಡಗಿತ್ತು.

ಗ್ಯಾರೇಜಿನವರು ಟಾಕಿಯನ್ನು ಇಳಿಸಿ ನೋಡಿದಾಗ ಒಳಗೆಲ್ಲ ಕೆಂಪು ತುಕ್ಕು. ಕಡ್ಡಿಯು ತುಕ್ಕಿನಲ್ಲಿ ಸಿಕ್ಕಿಕೊಂಡು ನಟ್ಟ ನಡುವೆ ನಿಂತುಬಿಟ್ಟಿತ್ತು. ತಳದಲ್ಲಿ ಸೂಜಿಯ ಮೊನೆಯಷ್ಟು ಎರಡು ತೂತುಗಳೂ ಇದ್ದವು.

ಪೆಟ್ರೋಲಿನಲ್ಲಿ ಮುಳುಗಿದ ಕಬ್ಬಿಣಕ್ಕೆ ತುಕ್ಕು ಎಲ್ಲಿಂದ ಬಂತು? ಬಹುಕಾಲ ಅರ್ಧ ಬರಿದಾಗಿಯೇ ನಿಂತ ಟಾಕಿಯ ಮೇಲ್ಭಾಗದಲ್ಲಿ ಗಾಳಿಯಿರುತ್ತದೆ, ಗಾಳಿಯಲ್ಲಿ ನೀರಿನ ಆವಿಯಿರುತ್ತದೆ. ರಾತ್ರಿಯ ತಂಪಿಗೆ ಆ ಆವಿಯು ಹನಿಯಾಗಿ ಒಳಗೋಡೆಯಿಂದ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳವನ್ನು ಸೇರಿ ಅಲ್ಲಿಯೇ ನಿಲ್ಲುತ್ತದೆ. ಪವನಾ ತೀರದ ಮಳೆಗಾಲದ ಥಂಡಿಯಲ್ಲಿ ಈ ಕ್ರಿಯೆಯು ಇನ್ನೂ ಹೆಚ್ಚು. ಹಳೆಯ ಟಾಕಿಗಳ ತಗಡಿಗೆ ಸೀಸ ಮತ್ತು ತವರದ ತೆಳುಲೇಪವಿರುತ್ತಿತ್ತು. ಅದು ಸವೆದಲ್ಲಿ ತುಕ್ಕು ಹಿಡಿಯುತ್ತದೆ. ಇದರೊಡನೆ ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರವೂ ಬೆರೆತಿರುತ್ತದೆ. ನೂರಕ್ಕೆ 20 ಪಾಲು ಎಥನಾಲಿರುವ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಎಥನಾಲಿಗೆ ನೀರಿನ ಮೇಲೆ ಬಲು ಪ್ರೀತಿ. ನೀರು ಒಂದು ಮಿತಿಯನ್ನು ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹಳೆಯ ಕಾಲದ ರಬ್ಬರಿನ ನಳಿಗೆಗಳೂ ಎಥನಾಲಿಗೆ ತಾಳಲಾರದೆ ಉಬ್ಬುತ್ತವೆ, ಬಿರಿಯುತ್ತವೆ. ಆದಕಾರಣ ನಿಂತಲ್ಲಿಯೇ ನಿಲ್ಲುವ ಹಳೆಯ ಕಾರಿಗೆ ಈ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು.

ಇನ್ನು ನಾವು ಮೊದಲು ಹೇಳಿದ ಪ್ರಾಣಾಪಾಯದ ಸಂಗತಿ. ಹೊಸ ಟಾಕಿಗೆ ಹಣವೇಕೆ, ತೂತಿಗೆ ಬೆಸುಗೆ ಹಾಕಿದರಾಯಿತು ಎಂದು ಗ್ಯಾರೇಜಿನವರು ನಿಶ್ಚಯಿಸಿದ್ದರಂತೆ. ಅದನ್ನು ಕೇಳಿ ನಾವು ಅಲ್ಲಿಗೆ ಹೋದಾಗ, ನಿಮಗಿಂತ ನಾಲ್ಕೈದು ವರ್ಷ ಹಿರಿಯನಾದ ಒಬ್ಬ ಹುಡುಗನು ಗ್ಯಾಸಿನ ಬೆಸುಗೆಯ ನಳಿಗೆಯನ್ನು ಕೈಗೆ ತೆಗೆದುಕೊಂಡಿದ್ದನು. ನಮ್ಮ ಕಡೆಯವನೇ, ಏಳನೆಯ ತರಗತಿಗೆ ಶಾಲೆ ಬಿಟ್ಟವನು. ನಾವು ಕೂಗಿ ತಡೆದೆವು.

“ಖಾಲಿ ಐತ್ರೀ ಸರ್. ಮೂರು ದಿನ ಬಿಸಿಲಾಗ ಇಟ್ಟೀನಿ,” ಎಂದನು ಅವನು, ನಗುತ್ತ.

“ಖಾಲಿ ಐತಿ ಅಂತೀಯಲ್ಲ ತಮ್ಮಾ, ಮೊದಲ ಆ ನಳಿಗಿ ದೂರ ಇಟ್ಟು ಬಾ. ಆಮ್ಯಾಲೆ ಟಾಕಿ ವಾಸನಿ ನೋಡು,” ಎಂದೆವು.

ಅವನು ಹಾಗೆಯೇ ಮಾಡಿದನು. ಪೆಟ್ರೋಲಿನ ವಾಸನೆ ಇನ್ನೂ ಇತ್ತು. ಅವನ ಮುಖದ ನಗೆ ಮಾಯವಾಯಿತು.

ಈ ಅಪಾಯವನ್ನು ಲೆಕ್ಕ ಹಾಕಿಯೇ ತಿಳಿದುಕೊಳ್ಳೋಣ. ದ್ರವರೂಪದ ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯು ಪೆಟ್ರೋಲಿನಿಂದ ಏಳುತ್ತದೆ. ಗಾಳಿಯ ನೂರು ಪಾಲಿನಲ್ಲಿ ಈ ಆವಿಯು ಸುಮಾರು 1.4ರಿಂದ 7.6 ಪಾಲಿನವರೆಗೆ ಬೆರೆತಿದ್ದರೆ ಆ ಮಿಶ್ರಣವು ಸಿಡಿಯಬಲ್ಲದು. ಅದಕ್ಕಿಂತ ಕಡಿಮೆಯಿದ್ದರೆ ಉರಿಯಲು ಆವಿ ಸಾಲದು. ಹೆಚ್ಚಾದರೆ ಆಮ್ಲಜನಕ ಸಾಲದು. ತುಂಬಿದ ಟಾಕಿಯಲ್ಲಿ ಉಳಿದಿರುವ ಕೊಂಚ ಜಾಗದಲ್ಲಿ ಆವಿಯೇ ದಟ್ಟವಾಗಿರುವುದರಿಂದ ಆಮ್ಲಜನಕಕ್ಕೆ ಎಡೆ ಕಡಿಮೆ. ಬರಿದು ಮಾಡಿ ತೆರೆದಿಟ್ಟ ಟಾಕಿಯಲ್ಲಿಯೋ, ಗಾಳಿ ತುಂಬಿರುತ್ತದೆ, ತುಕ್ಕಿನ ಪದರಗಳಲ್ಲಿ ಅಡಗಿದ ಪೆಟ್ರೋಲ್ ಮೆಲ್ಲಮೆಲ್ಲನೆ ಆವಿಯಾಗುತ್ತಿರುತ್ತದೆ. 40 ಲೀಟರಿನ ಟಾಕಿಯೆಂದು ಇಟ್ಟುಕೊಳ್ಳಿ. ಅದರ ನೂರರಲ್ಲಿ 1.4 ಪಾಲೆಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಆವಿ. ಅಷ್ಟು ಆವಿಯನ್ನು ಕೊಡಲು ಎರಡು ಮೂರು ಮಿಲಿಲೀಟರ್, ಎಂದರೆ ಅರ್ಧ ಚಹಾ ಚಮಚೆಯಷ್ಟು ಪೆಟ್ರೋಲ್ ಸಾಕು! ತುಂಬಿದ ಟಾಕಿಗಿಂತ ಖಾಲಿ ಟಾಕಿಯು ಹೆಚ್ಚು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬಿಸಿಲಿನಲ್ಲಿ ಇಟ್ಟುದರಿಂದಾಗಲಿ, ಒಂದು ಸಾರೆ ನೀರಿನಿಂದ ತೊಳೆದುದರಿಂದಾಗಲಿ ಅದು ನಿರಪಾಯಕಾರಿ ಆಗುವುದಿಲ್ಲ. ಹಳೆಯ ಟಾಕಿಗೆ ಬೆಸುಗೆ ಹಾಕುವುದು ಅದಕ್ಕೆ ತಕ್ಕ ಸಲಕರಣೆಯೂ ಶಿಕ್ಷಣವೂ ಉಳ್ಳ ತಜ್ಞರ ಕೆಲಸ, ರಸ್ತೆಬದಿಯ ಕೆಲಸವಲ್ಲ.

ಆದುದರಿಂದ ಹೊಸ ಟಾಕಿಯನ್ನೇ ಕೂಡಿಸುವುದೆಂದು ನಿರ್ಣಯವಾಯಿತು. ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆದಾಡಿ ಕಾಕಾ ಅವರು ಟಾಕಿಯನ್ನೂ ಟ್ಯಾಂಕ್ ಯೂನಿಟ್ಟನ್ನೂ ಸಂಪಾದಿಸಿ ತಂದರು. ಇಲ್ಲಿ ಒಂದು ಸೂಕ್ಷ್ಮವುಂಟು. ಟಾಕಿಗೆ ಹೊಂದಿದ ಮಾತ್ರಕ್ಕೆ ಯೂನಿಟ್ಟು ಗೇಜಿಗೂ ಹೊಂದುವುದೆಂದು ತಿಳಿಯಬಾರದು. ಅಮೇರಿಕದ ಜನರಲ್ ಮೋಟಾರ್ಸ್ ಕಂಪನಿಯ 1965ರ ನಂತರದ ಹಳೆಯ ಕಾರುಗಳಲ್ಲಿ ಟಾಕಿ ಬರಿದಾದಾಗ ನಿರೋಧವು 0 ಓಮ್, ತುಂಬಿದಾಗ 90 ಓಮ್. ಅದೇ ಕಾಲದ ಫೋರ್ಡ್ ಕಾರುಗಳಲ್ಲಿ ಬರಿದಾದಾಗ ಸುಮಾರು 73, ತುಂಬಿದಾಗ ಸುಮಾರು 10. ಒಂದರ ಯೂನಿಟ್ಟನ್ನು ಇನ್ನೊಂದರ ಗೇಜಿಗೆ ಕೂಡಿಸಿದರೆ ತುಂಬಿದ ಟಾಕಿಯನ್ನು ಬರಿದೆಂದೂ, ಬರಿದಾದುದನ್ನು ತುಂಬಿದೆಯೆಂದೂ ಮುಳ್ಳು ತೋರಿಸೀತು! ಗೇಜು ಮತ್ತು ಯೂನಿಟ್ಟು ಒಂದೇ ಭಾಷೆಯನ್ನು ಆಡಬೇಕು.

ಯೂನಿಟ್ಟನ್ನು ಕೂಡಿಸುವ ಮುನ್ನ ಮೇಜಿನ ಮೇಲೆಯೇ ಪರೀಕ್ಷಿಸಿದೆವು. ಈ ಕೆಲಸವನ್ನು ಕಾಕಾ ಅವರ ಮೊಮ್ಮಗಳು ವಹಿಸಿಕೊಂಡಳು. ಮೀಟರಿನ ಎರಡು ತಂತಿಗಳನ್ನು ಯೂನಿಟ್ಟಿಗೆ ತಾಗಿಸಿ, ಬುರುಡೆಯನ್ನು ಕೈಯಿಂದ ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಸರಿಸುತ್ತ, ಓಮಿನ ಅಂಕಿಯು ನಡುವೆ ಎಲ್ಲಿಯೂ ಜಿಗಿಯದೆ ಬದಲಾಗುವುದನ್ನು ಬರೆದುಕೊಂಡಳು. ಬಳಿಕ ಬುರುಡೆಯನ್ನು ಬಿಸಿನೀರಿನಲ್ಲಿ ಒತ್ತಿ ಹಿಡಿದಳು. ಟೊಳ್ಳು ಬುರುಡೆಯಲ್ಲಿ ಕಣ್ಣಿಗೆ ಕಾಣದ ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ಒಂದು ಗುಳ್ಳೆಯೂ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದವರೊಬ್ಬರು “ಇದು ಹೆಣ್ಣುಮಕ್ಕಳ ಕೆಲಸವೇ?” ಎಂದು ನಕ್ಕರು. ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಲಿತ ಸುಧಾ ಕುಲಕರ್ಣಿಯವರು, ಇಂದಿನ ಸುಧಾ ಮೂರ್ತಿಯವರು, ಹೆಣ್ಣುಮಕ್ಕಳು ಅರ್ಜಿ ಹಾಕಬಾರದೆಂಬ ಟೆಲ್ಕೋ ಕಂಪನಿಯ ಜಾಹೀರಾತನ್ನು 1974ರಲ್ಲಿ ಕಂಡು, ಜೆ. ಆರ್. ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದು ಪ್ರಶ್ನಿಸಿ, ಅದೇ ಕಂಪನಿಯ ಮೊದಲ ಮಹಿಳಾ ಎಂಜಿನಿಯರಾಗಿ ಪುಣೆಗೆ ಬಂದುದನ್ನು ನಾವು ಅವರಿಗೆ ನೆನಪಿಸಿದೆವು. ಅವರು ಸುಮ್ಮನಾದರು.

ಟಾಕಿಯನ್ನು ಕೂಡಿಸುವ ಕ್ರಮವು ಹೀಗೆ. ಕೆಲಸದ ಜಾಗವು ಬಯಲಾಗಿರಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದ ಒಲೆಯನ್ನೋ ಬೀಡಿಯನ್ನೋ ಹುಡುಕಿಕೊಂಡು ಹೋಗಿ ಬೆಂಕಿಯನ್ನು ತರುತ್ತದೆ. ಬೆಂಕಿ ನಂದಿಸುವ ಪುಡಿಯ ಸಿಲಿಂಡರು ಕೈಗೆಟುಕುವಂತಿರಬೇಕು. ಬ್ಯಾಟರಿಯಲ್ಲಿ ಗಾಡಿಯ ಮೈಗೆ ಕೂಡಿದ ತಂತಿಯನ್ನು ಮೊದಲು ಬಿಚ್ಚಬೇಕು; ಕಡೆಯಲ್ಲಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಇನ್ನೊಂದನ್ನು ಮೊದಲು ಬಿಚ್ಚಹೋದರೆ ಪಾನಾ ಗಾಡಿಯ ಮೈಗೆ ತಾಗಿ ಕಿಡಿ ಹಾರುವ ಭಯವುಂಟು. ಟಾಕಿಯಲ್ಲಿ ಉಳಿದ ಪೆಟ್ರೋಲನ್ನು ನೆಲದ ಮೇಲಿಟ್ಟ ಲೋಹದ ಡಬ್ಬಿಗೆ ಇಳಿಸಬೇಕು. ಪ್ಲಾಸ್ಟಿಕ್ ಬಕೀಟು ಸಲ್ಲದು, ಅದರಲ್ಲಿ ಹರಿವಿನಿಂದಲೇ ವಿದ್ಯುತ್ತು ಕೂಡಿಕೊಂಡು ಕಿಡಿಯಾದೀತು. ನಳಿಗೆಯನ್ನು ಬಾಯಿಗೆ ಹಚ್ಚಿ ಎಳೆಯುವ ಕೆಟ್ಟ ರೂಢಿಯನ್ನು ಯಾರೂ ಅನುಸರಿಸಬಾರದು. ಹನಿ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಸಂಚಕಾರ.

ತರುವಾಯ ಪೆಟ್ರೋಲ್ ಹಾಕುವ ಬಾಯಿಯ ನಳಿಗೆ, ಎಂಜಿನ್ನಿಗೆ ಹೋಗುವ ನಳಿಗೆ, ಗಾಳಿಯಾಡುವ ನಳಿಗೆ ಇವನ್ನು ಒಂದೊಂದಾಗಿ ನೋಡಿ ಹೊಸದಾಗಿ ಹಾಕಿದೆವು. ಗಾಳಿಯಾಡುವ ದಾರಿಯನ್ನು ಹಲವರು ಅಲಕ್ಷಿಸುತ್ತಾರೆ. ಪೆಟ್ರೋಲ್ ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟಾಕಿಯೊಳಗಿನ ಒತ್ತಡವು ತಗ್ಗಿ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬಾರದು. ಯೂನಿಟ್ಟಿನ ಕೆಳಗೆ ಪೆಟ್ರೋಲಿಗೆ ಕರಗದ ಪ್ಯಾಕಿಂಗ್ ಇಟ್ಟು, ಸ್ಕ್ರೂಗಳನ್ನು ಒಂದೇ ಸಾಲಿನಲ್ಲಿ ಬಿಗಿಯದೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಹಾಗೆ ಮಾಡಿದರೆ ಮುಚ್ಚಳವು ಎಲ್ಲ ಕಡೆಗೂ ಸಮನಾಗಿ ಕೂಡುತ್ತದೆ.

ಎಲ್ಲವನ್ನೂ ಜೋಡಿಸಿ, 5 ಲೀಟರ್ ಹೊಸ ಪೆಟ್ರೋಲ್ ಹಾಕಿ, ಎಲ್ಲಿಯೂ ಸೋರುವುದಿಲ್ಲವೆಂದು ಕಂಡುಕೊಂಡು ಕೀಲಿ ತಿರುಗಿಸಿದೆವು. ಮುಳ್ಳು ಅಲುಗಲೇ ಇಲ್ಲ! ಮೇಜಿನ ಮೇಲೆ ಸರಿಯಾಗಿದ್ದ ಯೂನಿಟ್ಟು ಗಾಡಿಯಲ್ಲೇಕೆ ಮೂಕವಾಯಿತು? ಕಾಕಾ ಅವರು ತಲೆಯ ಮೇಲೆ ಕೈಹೊತ್ತು ಕುಳಿತರು. ಮೊಮ್ಮಗಳು ಯೋಚಿಸಿ, “ಅಜ್ಜಾ, ಹೊಸ ಟಾಕಿಗೆ ಬಣ್ಣ ಐತಲ್ಲ? ಕರೆಂಟು ವಾಪಸು ಹ್ಯಾಂಗ ಬರತೈತಿ?” ಎಂದಳು. ನಿಮಗೆ ನೆನಪಿನಲ್ಲಿಡಲು ಹೇಳಿದ ಮಾತು ಇದೇ. ಹೊಸ ಟಾಕಿಯ ಬಣ್ಣದ ಪದರವು ವಿದ್ಯುತ್ತಿನ ಮರಳುದಾರಿಯನ್ನು ಅಡ್ಡಗಟ್ಟಿತ್ತು. ಬ್ಯಾಟರಿಯ ತಂತಿಯನ್ನು ಮತ್ತೆ ಬಿಚ್ಚಿ, ಯೂನಿಟ್ಟಿನ ಮೈಯಿಂದ ಗಾಡಿಯ ಮೈಗೆ ಬೇರೆಯೇ ಒಂದು ತಂತಿಯನ್ನು ಕೂಡಿಸಿದೆವು. ಈ ಸಾರೆ ಕೀಲಿ ತಿರುಗಿಸಿದಾಗ ಮುಳ್ಳು ಮೆಲ್ಲನೆ ಎದ್ದಿತು.

ಅಷ್ಟಕ್ಕೇ ಮುಳ್ಳನ್ನು ನಂಬಲಿಲ್ಲ. ಪೆಟ್ರೋಲ್ ಪಂಪಿಗೆ ಹೋಗಿ 5 ಲೀಟರಿನಂತೆ ಹಾಕಿಸುತ್ತ, ಪ್ರತಿಸಾರಿ ಮುಳ್ಳು ಎಲ್ಲಿ ನಿಂತಿತೆಂಬುದನ್ನು ಕಾಗದದ ಮೇಲೆ ಗುರುತಿಸಿದೆವು. ಗೆರೆಯೆಳೆದು ನೋಡಿದರೆ ಅದು ನೇರವಾಗಿರಲಿಲ್ಲ. ಟಾಕಿಯ ಆಕಾರವು ಎಲ್ಲ ಕಡೆಗೂ ಒಂದೇ ಅಗಲವಲ್ಲ. ಕಡ್ಡಿಯು ತಿರುಗುವುದೂ ಕಮಾನಿನ ಆಕಾರದಲ್ಲಿ. ಆದುದರಿಂದ ಮುಳ್ಳು ಅರ್ಧದಲ್ಲಿ ನಿಂತರೆ ಪೆಟ್ರೋಲೂ ಸರಿಯಾಗಿ ಅರ್ಧವೇ ಇರಬೇಕೆಂದಿಲ್ಲ. ಆ ಕಾಗದವನ್ನು ಕಾಕಾ ಅವರು ಕಾರಿನಲ್ಲಿಯೇ ಇಟ್ಟುಕೊಂಡಿದ್ದಾರೆ. ಗಣಿತದ ಗ್ರಾಫು ಯಾತಕ್ಕೆ ಬೇಕೆಂದು ಕೇಳುವ ವಿದ್ಯಾರ್ಥಿಗಳು ಅದನ್ನು ಹೋಗಿ ನೋಡಬಹುದು.

ಹಳೆಯ ಟಾಕಿಯ ಗತಿಯೇನಾಯಿತು? ಅದನ್ನು ಗುಜರಿಗೆ ಹಾಗೆಯೇ ಕೊಟ್ಟಿದ್ದರೆ ಅಲ್ಲಿ ಇನ್ನಾರೋ ಅದಕ್ಕೆ ಬೆಂಕಿಯ ನಳಿಗೆ ಹಿಡಿಯುತ್ತಿದ್ದರು. ಅದರೊಳಗೆ ಬಾಯಿಯವರೆಗೆ ನೀರು ತುಂಬಿಸಿ, ಮೇಲೆ ‘ಪೆಟ್ರೋಲ್ ಟಾಕಿ, ಬೆಂಕಿ ತೋರಿಸಬೇಡಿ’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಬಿಳಿಯ ಬಣ್ಣದಿಂದ ಬರೆಯಲಾಯಿತು. ಬರೆದವನು ಆ ಗ್ಯಾರೇಜಿನ ಹುಡುಗನೇ. ಶಾಲೆ ಬಿಟ್ಟ ಮೇಲೆ ಇಷ್ಟು ದೊಡ್ಡ ಅಕ್ಷರಗಳನ್ನು ಬರೆದುದು ಇದೇ ಮೊದಲೆಂದು ಅವನು ಹೇಳಿದನು. ಈಗ ಅವನು ಸಂಜೆಯ ಹೊತ್ತು ಬಂದು ವಿಜ್ಞಾನದ ಪುಸ್ತಕವನ್ನು ಓದಿಸಿಕೊಂಡು ಹೋಗುತ್ತಾನೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಅಣ್ಣಂದಿರೂ ಮಾವಂದಿರೂ ಇಂಥ ಗ್ಯಾರೇಜುಗಳಲ್ಲಿ ದುಡಿಯುತ್ತಿದ್ದಾರೆ. ಅರ್ಧ ಚಮಚೆಯ ಲೆಕ್ಕವನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರಿಗೆ ಹೇಳಿರಿ. ಮುಳ್ಳು ಅರ್ಧ ಎಂದಿತು, ಅದು ಅರ್ಧವಾಗಿರಲಿಲ್ಲ. ಹುಡುಗನು ಖಾಲಿ ಎಂದನು, ಅದು ಖಾಲಿಯಾಗಿರಲಿಲ್ಲ. ಕಣ್ಣಿಗೆ ಕಾಣದುದನ್ನು ಇಲ್ಲವೆಂದು ಎಣಿಸದೆ, ತೋರಿದುದನ್ನೆಲ್ಲ ನಿಜವೆಂದು ನಂಬದೆ, ಪರೀಕ್ಷಿಸಿ ನೋಡುವುದೇ ವಿಜ್ಞಾನ. ಅದನ್ನು ಕಲಿತವನು ತನ್ನ ಪ್ರಾಣವನ್ನೂ ಉಳಿಸಿಕೊಳ್ಳುತ್ತಾನೆ, ನೆರೆಯವನ ಪ್ರಾಣವನ್ನೂ ಉಳಿಸುತ್ತಾನೆ.